ಸ್ಪೀಡ್ ನೋಡಿ ದೋಣಿ ತಗೋಬೇಡಿ

ಬೇಸಿಗೆ ರಜೆ ಹತ್ತಿರ ಬಂದ ಹಾಗೆ ಫೋನಿನ ತುಂಬಾ ರಿಮೋಟ್ ದೋಣಿಗಳ ಜಾಹೀರಾತು. ಎಲ್ಲದರ ಮೇಲೂ ದಪ್ಪ ಅಕ್ಷರದಲ್ಲಿ ಒಂದೇ ಮಾತು: ಗಂಟೆಗೆ 25 ಕಿ.ಮೀ., 30 ಕಿ.ಮೀ., 45 ಕಿ.ಮೀ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲೂ ಕೇಳುತ್ತಿದ್ದಾರೆ, "ಸರ್, ನಿಮಗೆ ಇದೆಲ್ಲ ಗೊತ್ತಲ್ವಾ, ಯಾವುದು ಜಾಸ್ತಿ ಫಾಸ್ಟು?" ಅಂತ. ನನ್ನ ಉತ್ತರ ಅವರಿಗೆ ಇಷ್ಟವಾಗಲಿಲ್ಲ. ಇರೋದರಲ್ಲಿ ನಿಧಾನದ್ದು ತಗೊಳ್ಳಿ ಅಂದೆ. ಗ್ರೂಪಿನಲ್ಲಿ ಉದ್ದಕ್ಕೆ ಬರೆದರೆ ಯಾರೂ ಓದಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸುಮ್ನೆ ಒಂದು ಲೆಕ್ಕ ಮಾಡಿ. ಗಂಟೆಗೆ 30 ಕಿ.ಮೀ. ಅಂದರೆ ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ. ನಮ್ಮ ಪೂಲ್ 12 ಮೀಟರ್ ಉದ್ದ. ಈ ಗೋಡೆಯಿಂದ ಹೊರಟ ದೋಣಿ ಆ ಗೋಡೆಗೆ ಬಡಿಯೋಕೆ ಒಂದೂವರೆ ಸೆಕೆಂಡ್ ಸಾಕು. ಎಂಟು ವರ್ಷದ ಮಗು "ಅಯ್ಯೋ" ಅನ್ನೋಷ್ಟರಲ್ಲಿ ದೋಣಿಯ ಮೂತಿ ಬಿರುಕು ಬಿಟ್ಟಿರುತ್ತೆ. ಅದಕ್ಕೇ ಇಂಥ ದೋಣಿ ತಂದವರು ಎಲ್ಲರೂ ಮಾಡೋದು ಒಂದೇ. ಎರಡು ದಿನ ಗುಂಡಗೆ ಸುತ್ತಿಸುತ್ತಾರೆ. ಆಮೇಲೆ ಅದು ಅಟ್ಟ ಸೇರುತ್ತೆ.

ಕಾರಿಗೂ ದೋಣಿಗೂ ಇರುವ ದೊಡ್ಡ ವ್ಯತ್ಯಾಸ ಏನು ಅಂದರೆ, ದೋಣಿಗೆ ಬ್ರೇಕ್ ಇಲ್ಲ. ರಿಮೋಟ್ ಕಾರಿನಲ್ಲಿ ಕೈ ಬಿಟ್ಟರೆ ಟೈರು ನೆಲವನ್ನು ಹಿಡಿಯುತ್ತೆ, ಗಾಡಿ ನಿಲ್ಲುತ್ತೆ. ನೀರಿನಲ್ಲಿ ಹಿಡಿಯೋಕೆ ಏನೂ ಇಲ್ಲ. ಇನ್ನೊಂದು ಪೇಚು ಇದೆ. ಹಿಂದೆ ಇರುವ ಚುಕ್ಕಾಣಿ ಕೆಲಸ ಮಾಡೋದು ಅದರ ಮೇಲೆ ನೀರು ರಭಸವಾಗಿ ಹರಿದಾಗ. ಆ ರಭಸವನ್ನು ಹೆಚ್ಚಾಗಿ ಕೊಡೋದು ಪ್ರೊಪೆಲರ್, ಅಂದರೆ ತಿರುಗುತ್ತಾ ನೀರನ್ನು ಹಿಂದಕ್ಕೆ ತಳ್ಳುವ ರೆಕ್ಕೆ. ಗೋಡೆ ಹತ್ತಿರ ಬಂತು ಅಂತ ಹೊಸಬರು ಗಾಬರಿಯಿಂದ ಥ್ರಾಟಲ್ (ರಿಮೋಟಿನಲ್ಲಿ ವೇಗ ಕೊಡುವ ಹಿಡಿ) ಪೂರ್ತಿ ಬಿಟ್ಟುಬಿಡುತ್ತಾರೆ. ಪ್ರೊಪೆಲರ್ ನಿಂತಿತು, ಚುಕ್ಕಾಣಿಯ ಜೀವವೂ ಹೋಯಿತು, ದೋಣಿ ಮಾತ್ರ ನೆಟ್ಟಗೆ ಹೋಗಿ ಬಡಿಯಿತು. ಮಾಡಬೇಕಾದದ್ದು ಇದರ ಉಲ್ಟಾ. ದೂರದಲ್ಲೇ ಥ್ರಾಟಲ್ ಬಿಡಬೇಕು, ಗೋಡೆ ಹತ್ತಿರ ಬಂದಾಗ ಸ್ವಲ್ಪ ಕೊಟ್ಟು ತಿರುಗಿಸಬೇಕು. ತಿರುಗುವಾಗ ಅದರ ಹಿಂಭಾಗ ಆಚೆಗೆ ಜಾರುತ್ತೆ, ಅದಕ್ಕೂ ಜಾಗ ಬಿಡಬೇಕು. ಇದೆಲ್ಲ ಕೈಗೆ ಹತ್ತೋದು ನಿಧಾನದ ದೋಣಿಯಲ್ಲಿ ಮಾತ್ರ.

ಎಡ ಬಲದ ಗೊಂದಲ ಬೇರೆ. ದೋಣಿ ನಮ್ಮಿಂದ ದೂರ ಹೋಗುವಾಗ ಎಲ್ಲ ಸರಿ. ನಮ್ಮ ಕಡೆಗೆ ಮುಖ ಮಾಡಿ ಬರುವಾಗ ಎಡಕ್ಕೆ ತಿರುಗಿಸಿದರೆ ನಮ್ಮ ಕಣ್ಣಿಗೆ ಬಲಕ್ಕೆ ಹೋಗುತ್ತೆ. ಅಕ್ಕನ ಮಗ ಇದಕ್ಕೆ ತಾನೇ ಒಂದು ಉಪಾಯ ಕಂಡುಹಿಡಿದ. ದೋಣಿ ಇತ್ತ ಬರುತ್ತಿದ್ದ ಹಾಗೆ ಅವನು ಬೆನ್ನು ತಿರುಗಿಸಿ ನಿಂತು, ಭುಜದ ಮೇಲಿಂದ ಕತ್ತು ಹೊರಳಿಸಿ ನೋಡುತ್ತಾನೆ. "ಈಗ ನಾನು ದೋಣಿ ಒಳಗೆ ಕೂತಿದೀನಿ ಮಾಮ" ಅಂತಾನೆ. ಕತ್ತು ನೋವು ಬಂದ ಮೇಲೆ ಹಾಗೆ ನಿಲ್ಲೋದು ಬಿಟ್ಟ. ಅಷ್ಟರಲ್ಲಿ ಕೈಗೆ ಅಭ್ಯಾಸ ಆಗಿತ್ತು.

ಇನ್ನು ಈ ಆಟದ ಹಿರಿಯಜ್ಜನ ವಿಷಯ. ಜಗತ್ತಿನಲ್ಲಿ ಜನರೆದುರು ರೇಡಿಯೋದಿಂದ ನಡೆದ ಮೊದಲ ವಾಹನಗಳಲ್ಲಿ ಒಂದು ಇಂಥ ದೋಣಿಯೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ವಿದ್ಯುತ್ ವಸ್ತು ಪ್ರದರ್ಶನದಲ್ಲಿ ನೀರಿನ ತೊಟ್ಟಿ ಇಟ್ಟು, ಅದರಲ್ಲಿ ಬ್ಯಾಟರಿ ದೋಣಿಯೊಂದನ್ನು ಬಿಟ್ಟರು. ತಂತಿ ಇಲ್ಲ, ಹಗ್ಗ ಇಲ್ಲ, ದೂರದಲ್ಲಿ ನಿಂತು ತಿರುಗಿಸಿದರು, ದೀಪ ಮಿನುಗಿಸಿದರು. ಅದೇ ವರ್ಷ ನವೆಂಬರ್ 8ಕ್ಕೆ ಪೇಟೆಂಟೂ ಸಿಕ್ಕಿತು, ನಂಬರ್ 613809. ಮನೆಮನೆಗೆ ರೇಡಿಯೋ ಬರೋದಕ್ಕೂ ಎಷ್ಟೋ ಮುಂಚಿನ ಕಾಲ ಅದು. ನೋಡಿದವರಲ್ಲಿ ಕೆಲವರು ಮಾಟ ಅಂದರು, ಕೆಲವರು ಮನಸ್ಸಿನ ಶಕ್ತಿ ಅಂದರು. ಅದು ಎಷ್ಟು ವೇಗವಾಗಿ ಹೋಗುತ್ತೆ ಅಂತ ಯಾರಿಗೂ ಬೇಕಿರಲಿಲ್ಲ. ಹೇಳಿದ ಮಾತು ಕೇಳುತ್ತಲ್ಲ, ಅದೇ ಬೆರಗು. ಈ ಆಟದ ಮಜಾ ಇವತ್ತಿಗೂ ಅಲ್ಲೇ ಇದೆ ಅನ್ನೋದು ನನ್ನ ವಾದ. ದಡದಲ್ಲಿ ನಿಂತ ನಾನು ಬೆರಳು ಆಡಿಸುತ್ತೇನೆ, ಅಲ್ಲೆಲ್ಲೋ ಇರುವ ವಸ್ತು ನನ್ನ ಮಾತು ಕೇಳುತ್ತೆ. ದೋಣಿ ಮಾತು ಕೇಳಲಾಗದಷ್ಟು ಜೋರಾಗಿ ಓಡಿದರೆ ಅದರಲ್ಲಿ ಏನು ಸುಖ?

ಸ್ಪೀಡಿನ ವಿಷಯದಲ್ಲಿ ನೀರಿಗೆ ತನ್ನದೇ ಒಂದು ನಿಯಮ ಇದೆ. ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಮೂತಿಯ ಹತ್ತಿರ ಒಂದು ಅಲೆ ಏಳುತ್ತೆ, ಹಿಂಭಾಗದಲ್ಲಿ ಇನ್ನೊಂದು. ವೇಗ ಏರಿದ ಹಾಗೆ ಆ ಎರಡರ ನಡುವಿನ ದೂರ ದೋಣಿಯ ಉದ್ದಕ್ಕೆ ಸಮ ಆಗುತ್ತೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ಒಂದಡಿ ಉದ್ದದ ದೋಣಿಗೆ ಈ ಮಿತಿ ಗಂಟೆಗೆ ಸುಮಾರು ಎರಡೂವರೆ ಕಿ.ಮೀ. ಅಷ್ಟೇ, ಅಂದರೆ ಅಜ್ಜಿ ದೇವಸ್ಥಾನಕ್ಕೆ ನಡೆದು ಹೋಗುವ ವೇಗ. ಇದನ್ನು ಮೀರಬೇಕಾದರೆ ನೀರನ್ನು ಸೀಳೋದು ಬಿಟ್ಟು ಅದರ ಮೇಲೆ ಹತ್ತಿ ಜಾರಬೇಕು. ಸ್ಪೀಡ್ ದೋಣಿಗಳು ಮಾಡೋದು ಅದನ್ನೇ, ಅದಕ್ಕೇ ಅವುಗಳ ತಳ ಆ ಆಕಾರದಲ್ಲಿರುತ್ತೆ. ಹಾಗೆ ಜಾರೋಕೆ ಕರೆಂಟು ಸಿಕ್ಕಾಪಟ್ಟೆ ಬೇಕು. ಎರಡು ಗಂಟೆ ಚಾರ್ಜ್ ಮಾಡಿದ ಬ್ಯಾಟರಿ ಎಂಟು ಹತ್ತು ನಿಮಿಷಕ್ಕೆ ಮುಗಿಯೋದು ಇದಕ್ಕೇ. ಮಗು ಅಳುತ್ತೆ, ಅಪ್ಪ ಚಾರ್ಜರ್ ಹುಡುಕುತ್ತಾರೆ. ಅಷ್ಟೇ ಬ್ಯಾಟರಿಯನ್ನು ನಿಧಾನವಾಗಿ ಹೋಗುವ ಟಗ್ ದೋಣಿಗೆ (ಬಂದರಿನಲ್ಲಿ ಹಡಗು ಎಳೆಯುವ ದೋಣಿಯ ಮಾದರಿ) ಹಾಕಿ ನೋಡಿ, ಸಂಜೆಯೆಲ್ಲ ಓಡುತ್ತೆ.

ಹಾಗಂತ ಸ್ಪೀಡ್ ದೋಣಿಗಳೇ ಕೆಟ್ಟವು ಅಂತಲ್ಲ. ಟ್ರಾಕ್ಸಾಸ್ ಸ್ಪಾರ್ಟನ್ ಅಂತ ಒಂದಿದೆ, ಮೂರಡಿ ಉದ್ದ, ಗಂಟೆಗೆ 50 ಮೈಲಿ ದಾಟುತ್ತೆ ಅಂತ ಕಂಪನಿಯೇ ಹೇಳುತ್ತೆ. ಅದು ದೊಡ್ಡ ಕೆರೆಯ ಸರಕು, ದೊಡ್ಡವರ ಸರಕು. ಮೋಟರ್ ಬಿಸಿಯಾಗದಿರಲಿ ಅಂತ ಕೆರೆಯ ನೀರನ್ನೇ ಹೀರಿ ಮೋಟರ್ ಸುತ್ತ ಹರಿಸಿ ಪಕ್ಕದ ತೂತಿನಿಂದ ಹೊರಗೆ ಚಿಮ್ಮಿಸುವ ಏರ್ಪಾಡು ಇಂಥ ದೋಣಿಗಳಲ್ಲಿ ಇರುತ್ತೆ. ಆ ಚಿಲುಮೆ ನಿಂತಿತು ಅಂದರೆ ಪೈಪಿನಲ್ಲಿ ಕಸ ಸಿಕ್ಕಿದೆ, ತಕ್ಷಣ ದಡಕ್ಕೆ ತರಬೇಕು ಅಂತ ಅರ್ಥ. ಚೆಂದದ ಯಂತ್ರ. ಆದರೆ ಈಜುಕೊಳಕ್ಕೆ ತರೋದು ತಪ್ಪು. ಆ ವೇಗದಲ್ಲಿ ತಿರುಗುವ ಪ್ರೊಪೆಲರ್ ಬೆರಳನ್ನು ಬಿಡಲ್ಲ.

ಪೂಲ್‌ಗೆ, ಟೆರೇಸ್ ಮೇಲಿನ ಮಕ್ಕಳ ಟಬ್‌ಗೆ ಹೇಳಿ ಮಾಡಿಸಿದ್ದು ಎರಡು ಮೋಟರ್ ಇರುವ ಪುಟ್ಟ ದೋಣಿ. ಇದಕ್ಕೆ ಚುಕ್ಕಾಣಿಯೇ ಇಲ್ಲ. ಎಡಗಡೆ ಪ್ರೊಪೆಲರ್ ಮಾತ್ರ ತಿರುಗಿದರೆ ಬಲಕ್ಕೆ ಹೋಗುತ್ತೆ, ಬಲದ್ದು ತಿರುಗಿದರೆ ಎಡಕ್ಕೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿಸಿದರೆ ನಿಂತಲ್ಲೇ ಬುಗುರಿ ಸುತ್ತಿದ ಹಾಗೆ ಸುತ್ತುತ್ತೆ. ಇಂಥ ಎಷ್ಟೋ ದೋಣಿಗಳ ಹೊಟ್ಟೆಯ ಕೆಳಗೆ ಎರಡು ಸಣ್ಣ ಲೋಹದ ಬಿಲ್ಲೆ ಅಥವಾ ಸ್ಕ್ರೂ ತಲೆ ಕಾಣುತ್ತೆ, ತಿರುಗಿಸಿ ನೋಡಿ. ನೀರು ಆ ಎರಡನ್ನೂ ಮುಟ್ಟಿದಾಗ ಮಾತ್ರ ಮೋಟರ್ ಓಡುತ್ತೆ. ಕೈಯಲ್ಲಿ ಎತ್ತಿಕೊಂಡಾಗ ಮಗುವಿನ ಬೆರಳಿಗೆ ತಗಲದಿರಲಿ ಅಂತ ಈ ಏರ್ಪಾಡು. "ದೋಣಿ ಕೆಟ್ಟಿದೆ, ಆನ್ ಆಗ್ತಿಲ್ಲ" ಅಂತ ವಾಪಸ್ ಕಳಿಸಿದವರು ನಮ್ಮಲ್ಲೇ ಇದ್ದಾರೆ. ಅವರು ಅದನ್ನು ನೀರಿಗೇ ಬಿಟ್ಟಿರಲಿಲ್ಲ, ಟೇಬಲ್ ಮೇಲೆ ಇಟ್ಟು ನೋಡಿದ್ದರು! ಇನ್ನೊಂದು ಮಾತು, ಒದ್ದೆ ಹೆಬ್ಬೆರಳು ಆ ಎರಡೂ ಬಿಲ್ಲೆಗೆ ಒಟ್ಟಿಗೆ ತಾಗಿದರೂ ಮೋಟರ್ ಓಡಬಹುದು. ಆದ್ದರಿಂದ ಮೊದಲು ಸ್ವಿಚ್ ಆಫ್, ಆಮೇಲೆ ಪ್ರೊಪೆಲರಿಗೆ ಸುತ್ತಿದ ಕೂದಲು ಬಿಡಿಸೋದು. ಪೂಲ್‌ನಲ್ಲಿ ಕೂದಲು ಎಷ್ಟು ಸಿಗುತ್ತೆ ಅಂತ ದೋಣಿ ಬಿಟ್ಟವರಿಗೇ ಗೊತ್ತು.

ಇನ್ನು ಮಕ್ಕಳ ಆಟಿಕೆ ಅಂತ ಮಾರುವ ದೋಣಿಯ ಮೇಲೆ ಐಎಸ್‌ಐ ಗುರುತು ಇರಬೇಕು, 2021ರ ಜನವರಿಯಿಂದ ಅದು ಕಡ್ಡಾಯ. ರಿಮೋಟ್ 2.4 ಗಿಗಾಹರ್ಟ್ಜ್‌ನದ್ದಾಗಿರಲಿ. ಹಳೇ 27 ಮೆಗಾಹರ್ಟ್ಜ್ ಆಟಿಕೆಗಳಲ್ಲಿ ಅಣ್ಣ ಗುಂಡಿ ಒತ್ತಿದರೆ ತಮ್ಮನ ದೋಣಿಯೂ ಓಡುತ್ತಿತ್ತು, ಜಗಳ ಬಿಡಿಸೋದೇ ಒಂದು ಕೆಲಸ. ಹೊಸದರಲ್ಲಿ ಪ್ರತಿ ದೋಣಿಗೂ ತನ್ನ ರಿಮೋಟ್ ಯಾವುದು ಅಂತ ಗೊತ್ತಿರುತ್ತೆ, ಹತ್ತು ದೋಣಿ ಒಟ್ಟಿಗೆ ಬಿಡಬಹುದು. ಬ್ಯಾಟರಿ ಲಿಥಿಯಂ ಅಲ್ವಾ, ನೀರಿನಿಂದ ಎತ್ತಿದ ಕೂಡಲೇ ಬಿಸಿ ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ. ಊದಿಕೊಂಡಿದ್ದರೆ ಮತ್ತೆ ಮುಟ್ಟಲೇಬೇಡಿ. ರಾತ್ರಿ ಚಾರ್ಜಿಗೆ ಹಾಕಿ ಮಲಗೋದಂತೂ ಬೇಡವೇ ಬೇಡ. ಆಟ ಮುಗಿದ ಮೇಲೆ ನಲ್ಲಿ ನೀರಲ್ಲಿ ಕ್ಲೋರಿನ್ ತೊಳೆದು, ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಇಡಿ, ಪ್ರೊಪೆಲರ್ ತಿರುಗಿಸುವ ಕಡ್ಡಿಗೆ, ಅಂದರೆ ಶಾಫ್ಟಿಗೆ, ಒಂದು ಚೂರು ಗ್ರೀಸ್ ಹಚ್ಚಿ. ಹೆಚ್ಚಿನ ದೋಣಿಗಳು ಸಾಯೋದು ಗೋಡೆಗೆ ಬಡಿದು ಅಲ್ಲ, ಒಳಗೆ ಉಳಿದ ತೇವಕ್ಕೆ ತುಕ್ಕು ಹಿಡಿದು.

ಈಗ ಊರಿನ ಕಡೆಗೆ ಬರೋಣ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆಯ ಎಷ್ಟೋ ಹೊಲಗಳಲ್ಲಿ ಕೃಷಿ ಹೊಂಡ ಬಂದಿವೆ. ಕೋಲಾರದ ಕಡೆ ನಮ್ಮ ಭಾವನ ಹೊಲದಲ್ಲೂ ಒಂದಿದೆ. ಚೌಕಾಕಾರದ ನೀರು, ಮರದ ನೆರಳಿಲ್ಲ, ಜೊಂಡಿಲ್ಲ, ಗಾಳಿ ಕಡಿಮೆ ಇದ್ದರೆ ಕನ್ನಡಿಯ ಹಾಗೆ. ದೋಣಿ ಬಿಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನಿಸುತ್ತೆ. ಇದಕ್ಕಿಂತ ಅಪಾಯದ ಜಾಗವೂ ಇಲ್ಲ. ಮೂರು ಮೀಟರ್ ಆಳ ಇರುತ್ತೆ, ನಾಲ್ಕೂ ಕಡೆ ಇಳಿಜಾರು, ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ, ಹಾಳೆ ಮೇಲೆ ಪಾಚಿ. ಕಾಲಿಟ್ಟರೆ ಜಾರುತ್ತೆ. ಈಜು ಬರುವವರೂ ಹತ್ತಿ ಬರಲಾರರು, ಹಿಡಿಯೋಕೆ ಏನೂ ಸಿಗಲ್ಲ. ಹೊಂಡದಲ್ಲಿ ಮಕ್ಕಳು ಹೋದ ಸುದ್ದಿ ಪ್ರತಿ ಬೇಸಿಗೆ ಪೇಪರಿನಲ್ಲಿ ಓದುತ್ತೇವೆ. ಅರ್ಧದಲ್ಲಿ ನಿಂತ ದೋಣಿ ಮಗುವಿನ ಕಣ್ಣಿಗೆ ನಾಲ್ಕೇ ಹೆಜ್ಜೆ ದೂರ ಕಾಣುತ್ತೆ. ಅದೇ ಆಸೆ, ಅದೇ ಅಪಾಯ.

ನಾನು ದೋಣಿ ತಂದಾಗ ಭಾವ ಮುಖ ಗಂಟು ಹಾಕಿಕೊಂಡರು. "ಏನಪ್ಪಾ, ಹೊಂಡದ ಹತ್ರ ಹೋಗಬೇಡ್ರೋ ಅಂತ ನಾನು ವರ್ಷವೆಲ್ಲಾ ಬೈತೀನಿ, ನೀನು ಆಟದ ಸಾಮಾನು ತಂದು ಕರಕೊಂಡು ಹೋಗ್ತೀಯಾ?" ಅಂದರು. ಮಾತು ನ್ಯಾಯವೇ. ಕೊನೆಗೆ ಅವರೇ ಷರತ್ತು ಹಾಕಿದರು. ಬೇಲಿಯ ಗೇಟಿನ ಬೀಗದ ಕೈ ದೊಡ್ಡವರ ಹತ್ತಿರ ಇರಬೇಕು. ಹುಡುಗರು ಬೇಲಿ ಹೊರಗೆ ನಿಂತೇ ರಿಮೋಟ್ ಹಿಡಿಯಬೇಕು. ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಟ್ಯೂಬು ದಡದಲ್ಲಿ ಇರಲೇಬೇಕು. ದೋಣಿ ನಿಂತರೆ ನಿಂತಿತು, ಯಾರೂ ಇಳಿಯೋ ಹಾಗಿಲ್ಲ.

ಅದು ನಿಲ್ಲದೇ ಇರುತ್ತಾ? ಒಂದು ಸಲ ಸರಿಯಾಗಿ ನಡುಮಧ್ಯ ಬ್ಯಾಟರಿ ಮುಗಿಯಿತು. ತೆಳ್ಳನೆಯ ಹಗ್ಗದ ಒಂದು ತುದಿ ಭಾವ ಹಿಡಿದರು, ಇನ್ನೊಂದು ತುದಿ ನಾನು. ಇಬ್ಬರೂ ಎದುರುಬದುರು ಏರಿಯ ಮೇಲೆ ಒಂದೇ ವೇಗದಲ್ಲಿ ನಡೆದೆವು. ಹಗ್ಗ ನೀರಿನ ಮೇಲೆ ತೇಲಿಕೊಂಡು ಬಂದು ದೋಣಿಯನ್ನು ಆಚೆ ದಡಕ್ಕೆ ತಳ್ಳಿತು. ಗಾಳ ಇರುವವರು ಕೊಕ್ಕೆ ತೆಗೆದು ದಾರಕ್ಕೆ ಟೆನಿಸ್ ಚೆಂಡು ಕಟ್ಟಿ, ದೋಣಿಯ ಆಚೆಗೆ ಎಸೆದು ಎಳೆದುಕೊಳ್ಳಬಹುದು. ಏನೂ ಇಲ್ಲದಿದ್ದರೆ ಕಾಯಿರಿ, ಗಾಳಿ ಅದನ್ನು ಯಾವುದೋ ಒಂದು ದಡಕ್ಕೆ ತಂದೇ ತರುತ್ತೆ. ಹೊಂಡದಲ್ಲಿ ಕಾಯೋದಕ್ಕೆ ಖರ್ಚಿಲ್ಲ.

ಬೆಂಗಳೂರಿನ ಕೆರೆಗಳ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಅಂತರಗಂಗೆ ಬೆಳೆದಿರುವ ಕಡೆ ಪ್ರೊಪೆಲರ್ ಹತ್ತು ಅಡಿ ಹೋಗಲ್ಲ, ಬೇರು ಸುತ್ತಿಕೊಂಡು ಮೋಟರ್ ಸುಟ್ಟುಹೋಗುತ್ತೆ. ನೀರು ತಿಳಿಯಾಗಿರುವ ಕಡೆ ಗುಳುಮುಳುಕ, ನಾಮದ ಕೋಳಿ ಮರಿ ಮಾಡಿಕೊಂಡಿರುತ್ತವೆ. ಹಕ್ಕಿ ಹಿಂದೆ ದೋಣಿ ಅಟ್ಟಿಸಿ ವಿಡಿಯೋ ಹಾಕುವವರನ್ನು ನೋಡಿದ್ದೇನೆ. ಅವರ ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಕು ಅನ್ನಿಸುತ್ತೆ. ದೇವಸ್ಥಾನದ ಕಲ್ಯಾಣಿಯ ಮಾತು ಎತ್ತಲೇಬೇಡಿ.

ಇದಕ್ಕೆಂದೇ ಜಾಗ ಕಟ್ಟಿದ ಊರುಗಳೂ ಇವೆ. ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಸ್ಪ್ರೆಕಲ್ಸ್ ಕೆರೆ ಅಂತ ಇದೆ, 1904ರಲ್ಲಿ ಮಾದರಿ ದೋಣಿಗಳಿಗಾಗಿಯೇ ಮಾಡಿದ್ದು. ನಮ್ಮಲ್ಲಿ ಅಷ್ಟೆಲ್ಲ ಬೇಡ. ಹೊಸ ಪಾರ್ಕು ಮಾಡುವಾಗ ಕಾರಂಜಿಗೆ ಅಂತ ಹೇಗೂ ಒಂದು ತೊಟ್ಟಿ ಕಟ್ಟುತ್ತಾರೆ, ಆ ಕಾರಂಜಿ ಆರು ತಿಂಗಳಿಗೆ ಕೆಟ್ಟು ನಿಲ್ಲುತ್ತೆ. ಆ ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ಬಿಟ್ಟು ಭಾನುವಾರ ಬೆಳಗ್ಗೆ ಮಕ್ಕಳಿಗೆ ಕೊಟ್ಟರೆ ಸಾಕು. ನಮ್ಮ ಅಸೋಸಿಯೇಷನ್‌ನಲ್ಲಿ ಪೂಲ್‌ಗೆ ಅನುಮತಿ ಸಿಕ್ಕಿರೋದು ಮಧ್ಯಾಹ್ನ ಒಂದು ಗಂಟೆ ಹೊತ್ತು, ನೀರಿನಲ್ಲಿ ಯಾರೂ ಇಲ್ಲದಾಗ ಮಾತ್ರ. ಅದಕ್ಕೂ ಮೂರು ಮೀಟಿಂಗ್ ಬೇಕಾಯಿತು ಬಿಡಿ.

ನಾನು ಚಿಕ್ಕವನಿದ್ದಾಗ ಜಾತ್ರೆಯಲ್ಲಿ ತಗಡಿನ ದೋಣಿ ಮಾರುತ್ತಿದ್ದರು. ಒಳಗೆ ಎಣ್ಣೆ ಬತ್ತಿ ಹಚ್ಚಿದರೆ ಪಟಪಟ ಪಟಪಟ ಅಂತ ಸದ್ದು ಮಾಡುತ್ತಾ ಬೋಗುಣಿಯಲ್ಲಿ ಸುತ್ತುತ್ತಿತ್ತು. ಮೋಟರ್ ಇಲ್ಲ, ಪ್ರೊಪೆಲರ್ ಇಲ್ಲ, ಕೊಳವೆಯಲ್ಲಿ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ, ತಣ್ಣಗಾಗಿ ಮತ್ತೆ ಒಳಗೆ ಬರುತ್ತೆ, ಅಷ್ಟರಲ್ಲೇ ದೋಣಿ ಮುಂದಕ್ಕೆ. ಅದರ ಸ್ಪೀಡು ಎಷ್ಟು ಅಂತ ಯಾವ ಮಗುವೂ ಕೇಳಿದ್ದು ನನಗೆ ನೆನಪಿಲ್ಲ.

ಸದ್ಯಕ್ಕೆ ನಾನೇ ಪ್ಲೈವುಡ್‌ನಲ್ಲಿ ಒಂದು ಟಗ್ ದೋಣಿ ಮಾಡುತ್ತಿದ್ದೇನೆ, ನಿಂತ ದೋಣಿಗಳನ್ನು ಎಳೆದು ತರೋದಕ್ಕೆ. ತಳ ಮುಗಿದಿದೆ, ಮೋಟರ್ ಹಳೇ ಪ್ರಿಂಟರಿನದು ಸಿಕ್ಕಿದೆ. ಸಿಗದೇ ಇರೋದು ಮೂರು ರೆಕ್ಕೆಯ ಸಣ್ಣ ಹಿತ್ತಾಳೆ ಪ್ರೊಪೆಲರ್, 35 ಮಿಲಿಮೀಟರಿನದು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಎಲ್ಲರೂ ಡ್ರೋನಿನದು ತೋರಿಸುತ್ತಾರೆ. ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ. ಆನ್‌ಲೈನ್ ಲಿಂಕ್ ಬೇಡ, ಕೈಯಲ್ಲಿ ಹಿಡಿದು ನೋಡಿ ತಗೋಬೇಕು.