ಮಾವನವರ ಗುಹಾಪ್ರವೇಶ

ನಿವೃತ್ತ ಆಡಿಟರ್ ಕೈಗೆ ಕೊಡಬಾರದ ಪುಸ್ತಕಗಳ ಪಟ್ಟಿಯನ್ನು ಯಾರಾದರೂ ಮಾಡುವುದಾದರೆ ‘ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಹೆಸರನ್ನು ಮೊದಲು ಬರೆದುಕೊಳ್ಳಲಿ. 1982ರಲ್ಲಿ ಇಂಗ್ಲೆಂಡಿನ ಪಫಿನ್‌ನವರು ಹೊರತಂದ ಆಟದ ಪುಸ್ತಕ ಇದು. ಸ್ಟೀವ್ ಜಾಕ್ಸನ್, ಇಯಾನ್ ಲಿವಿಂಗ್‌ಸ್ಟನ್ ಎಂಬಿಬ್ಬರು ಸೇರಿ ಬರೆದದ್ದು. ಒಳಗಿರುವುದು ಕ್ರಮಸಂಖ್ಯೆ ಹಾಕಿದ 400 ತುಣುಕುಗಳು. 1ರಿಂದ ಹೊರಟು, ಎಡಕ್ಕೆ ತಿರುಗುವುದಾದರೆ ಇಷ್ಟನೆಯದಕ್ಕೆ ಹೋಗಿ, ಬಲಕ್ಕಾದರೆ ಅಷ್ಟನೆಯದಕ್ಕೆ ಹೋಗಿ ಎಂದು ಹೇಳಿದ ಕಡೆಗೆಲ್ಲ ಹಾರುತ್ತಾ ಸಾಗಬೇಕು. ಬೆಟ್ಟದೊಳಗೆ ಜಾಗೋರ್ ಎಂಬ ಮಾಂತ್ರಿಕ, ಅವನ ಬಳಿ ನಿಧಿ. ದಾರಿಯುದ್ದಕ್ಕೂ ರಾಕ್ಷಸರು, ಹೊಡೆದಾಟ. ಕತೆಯ ನಾಯಕ ಓದುಗನೇ. ನಮ್ಮ ಮನೆಯ ಮಟ್ಟಿಗೆ, ನಮ್ಮ ಮಾವನವರು.

ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಿಂದ ನಾನು ಅದನ್ನು ತಂದದ್ದು ಮಗನಿಗೆಂದು. ಮಗ ಮುಖಪುಟ ನೋಡಿ, ‘ಇದಕ್ಕೆ ಚಾರ್ಜರ್ ಎಲ್ಲಿ?’ ಎನ್ನುವ ಮುಖ ಮಾಡಿ ಎದ್ದುಹೋದ. ಮಾವನವರು ಕನ್ನಡಕ ಹಾಕಿಕೊಂಡರು.

ಆಟಕ್ಕೆ ಮುಂಚೆ ಒಂದು ಹಾಳೆಯಲ್ಲಿ ನಾಯಕನ ಅಂಕಗಳನ್ನು ಬರೆದುಕೊಳ್ಳಬೇಕು. ಒಂದು ದಾಳ ಹಾಕಿ ಆರು ಕೂಡಿಸಿದರೆ ಸ್ಕಿಲ್. ಎರಡು ದಾಳಕ್ಕೆ ಹನ್ನೆರಡು ಕೂಡಿಸಿದರೆ ಸ್ಟಾಮಿನಾ. ಮತ್ತೆ ಒಂದು ದಾಳಕ್ಕೆ ಆರು, ಅದು ಲಕ್. ಪುಸ್ತಕದ ಹಿಂದಿನ ಮಾಲೀಕ ಪೆನ್ಸಿಲ್‌ನಲ್ಲಿ 12, 24, 12 ಎಂದು ಬರೆದಿಟ್ಟಿದ್ದ. ಮೂರೂ ಗರಿಷ್ಠ. ಮಾವನವರು ಹಾಲಿನ ಲೆಕ್ಕದ ಚೀಟಿಯ ಹಿಂದೆ ಗುಣಾಕಾರ ಮಾಡಿ, ‘1,296ರಲ್ಲಿ ಒಂದೇ ಸಲ ಹೀಗೆ ಬೀಳೋದು. ಇದು ಬೋಗಸ್ ಎಂಟ್ರಿ’ ಎಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು. ಇಪ್ಪತ್ತು ವರ್ಷ ಹಿಂದೆ ಯಾವನೋ ಹುಡುಗ ತನ್ನ ಪಾಡಿಗೆ ತಾನು ಮಾಡಿಕೊಂಡ ಮೋಸ ಕಡೆಗೂ ಸಿಕ್ಕಿಬಿತ್ತು. ಅವರ ಪಾಲಿಗೆ ಬಿದ್ದದ್ದು ಸ್ಕಿಲ್ 8, ಸ್ಟಾಮಿನಾ 17, ಲಕ್ 7. ಇನ್ನೊಮ್ಮೆ ಹಾಕಿ ಎಂದೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ಅಂಥ ಮಾತು ಕೇಳಿಯೇ ಇಲ್ಲವೆಂಬಂತೆ ನೋಡಿದರು.

ಹೊಡೆದಾಟಕ್ಕೆ ಎರಡು ಪಕ್ಷ ಬೇಕು. ನಮ್ಮ ಪರವಾಗಿ ಎರಡು ದಾಳ ಹಾಕಿ ಸ್ಕಿಲ್ ಕೂಡಿಸಬೇಕು, ರಾಕ್ಷಸನ ಪರವಾಗಿ ಎರಡು ದಾಳ ಹಾಕಿ ಅವನ ಸ್ಕಿಲ್ ಕೂಡಿಸಬೇಕು. ಕಡಿಮೆ ಬಂದವನಿಗೆ ಪೆಟ್ಟು, 2 ಸ್ಟಾಮಿನಾ ಖೋತಾ. ಒಬ್ಬರೇ ಆಡಲೆಂದು ಮಾಡಿದ ಪುಸ್ತಕವಾದ್ದರಿಂದ ಎರಡೂ ಕಡೆಯದನ್ನು ಓದುಗನೇ ಹಾಕಿಕೊಳ್ಳಬಹುದು. ಆದರೆ ಒಬ್ಬನೇ ವಾದಿಯೂ ಪ್ರತಿವಾದಿಯೂ ಆಗುವುದು ಮಾವನವರಿಗೆ ಒಪ್ಪಿಗೆಯಾಗಲಿಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅತ್ತೆಯವರನ್ನು ರಾಕ್ಷಸರ ಕಡೆಗೆ ನೇಮಿಸಿದರು. ಮದುವೆಯಾದಂದಿನಿಂದ ಇಂಥದೊಂದು ಅವಕಾಶಕ್ಕೇ ಕಾದಿದ್ದವರ ಹಾಗೆ ಅತ್ತೆ ಒಪ್ಪಿಕೊಂಡರು.

ಗುಹೆಯೊಳಗೆ ಸ್ವಲ್ಪ ದೂರ ಹೋಗುತ್ತಲೇ ಕಾವಲುಗಾರನೊಬ್ಬ ನಿದ್ದೆ ಹೊಡೆಯುತ್ತಿರುತ್ತಾನೆ. ಸದ್ದಿಲ್ಲದೆ ದಾಟಲು ಲಕ್ ಪರೀಕ್ಷೆ ಮಾಡಬೇಕು.

‘ಪಾಪ, ಮಲಗಿದಾನೆ. ಇವರು ಯಾಕೆ ಒಳಗೆ ಹೋಗ್ತಿದಾರೆ?’ ಅತ್ತೆಯವರ ಪ್ರಶ್ನೆ.

‘ನಿಧಿ ತರೋಕೆ.’

‘ಯಾರದ್ದು?’

‘ಮಾಂತ್ರಿಕನದು.’

‘ಅವನೇನು ಇವರ ಹತ್ರ ಸಾಲ ಮಾಡಿದ್ನಾ?’

ಮಾವನವರು ಪೀಠಿಕೆಯನ್ನು ಮತ್ತೊಮ್ಮೆ ಓದಿದರು. ಆ ಮಾಂತ್ರಿಕ ರಾಜಕುಮಾರಿಯನ್ನು ಹೊತ್ತೊಯ್ದಿಲ್ಲ, ಊರಿಗೆ ಬೆಂಕಿಯಿಟ್ಟಿಲ್ಲ. ಅವನಲ್ಲಿ ನಿಧಿಯಿದೆ ಎಂದು ಹಳ್ಳಿಯವರು ಆಡಿಕೊಂಡದ್ದನ್ನು ಕೇಳಿ ನಾಯಕ ಕತ್ತಿ ಹಿಡಿದು ಹೊರಟಿದ್ದಾನೆ, ಅಷ್ಟೆ. ಅತ್ತೆಯವರ ಪಕ್ಷವೇ ನ್ಯಾಯದ ಪಕ್ಷವೆಂದು ನನಗೂ ಅನ್ನಿಸಿತು. ಮಾವನವರು ಮಾತ್ರ ಗಂಟಲು ಸರಿಮಾಡಿಕೊಂಡು ದಾಳ ಎತ್ತಿಕೊಂಡರು.

ಈ ಲಕ್ ಎಂಬುದು ವಿಚಿತ್ರ ಖಾತೆ. ಎರಡು ದಾಳ ಹಾಕಿದಾಗ ಬಂದದ್ದು ನಿಮ್ಮ ಲಕ್ಕಿನಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಬಚಾವ್. ಆದರೆ ಗೆಲ್ಲಲಿ ಸೋಲಲಿ, ಪರೀಕ್ಷಿಸಿದಾಗಲೆಲ್ಲ ಒಂದು ಅಂಕ ಕಳೆಯುತ್ತದೆ. ಏಳಿದ್ದಾಗ 36ರಲ್ಲಿ 21 ಪಾಲು ಗೆಲುವು; ಒಮ್ಮೆ ಬಳಸಿ ಆರಕ್ಕಿಳಿದರೆ ಬರೀ 15. ಇದು ಹೊಳೆದ ದಿನದಿಂದ ಮಾವನವರು ಮನೆಯಲ್ಲೂ ಲಕ್ ಉಳಿತಾಯಕ್ಕೆ ಇಳಿದರು. ಮೋಡ ಇಲ್ಲದಿದ್ದರೂ ಕೊಡೆ. ಲಿಫ್ಟ್ ಸರಿಯಿದ್ದರೂ ಮೆಟ್ಟಿಲು. ‘ಸುಮ್ಮನೆ ಯಾಕೆ ಟೆಸ್ಟ್ ಮಾಡಬೇಕು?’ ಎನ್ನುವರು. ಕೊಡೆಯನ್ನು ತರಕಾರಿ ಅಂಗಡಿಯಲ್ಲಿ ಮರೆತು, ಅದನ್ನು ತರಲು ಹೋಗಿ, ನೆನೆದು ಬಂದರು.

ಇದ್ದದ್ದು ಹಾವು ಏಣಿ ಡಬ್ಬಿಯ ಒಂದು ದಾಳ, ಪಕ್ಕದ ಮನೆಯ ಲೂಡೋದ ಇನ್ನೊಂದು. ಊಟದ ಮೇಜಿನ ಮೇಲೆ ನಡೆದ ಕಾಳಗವೊಂದರಲ್ಲಿ ಲೂಡೋ ದಾಳ ಪುಟಿದು ಹುಳಿಯ ಪಾತ್ರೆಗೆ ಬಿತ್ತು. ಯಾರೂ ಕದಲಬಾರದೆಂದು ಅಪ್ಪಣೆಯಾಯಿತು. ಅತ್ತೆ ಸೌಟು ಹಾಕಿ ತಡಕಿದರು. ಮೊದಲು ನುಗ್ಗೆಕಾಯಿ ಬಂತು, ಆಮೇಲೆ ದಾಳ ಬಂತು, ಮೇಲ್ಮುಖವಾಗಿ ಆರು. ‘ರಾಕ್ಷಸನಿಗೆ ಆರು’ ಎಂದು ಅತ್ತೆ ಸೌಟಿನಲ್ಲೇ ಘೋಷಿಸಿದರು. ಸೌಟಿನಲ್ಲಿ ಹೊರಳಿದ ದಾಳ ಕ್ರಮಬದ್ಧವಲ್ಲವೆಂದು ಮಾವ, ಪಾತ್ರೆಯ ತಳದಲ್ಲೂ ಆರೇ ಇದ್ದದ್ದೆಂದು ಅತ್ತೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಆ ಸಂಜೆ ಯಾರಿಗೂ ಕಾಫಿ ಇಲ್ಲ.

ನಾಯಕನ ಚೀಲದಲ್ಲಿ ಹತ್ತು ಊಟದ ಬುತ್ತಿ ಇರುತ್ತದೆ. ಒಂದು ಊಟಕ್ಕೆ 4 ಸ್ಟಾಮಿನಾ ಮರಳುತ್ತದೆ, ಆದರೆ ಆರಂಭದ ಅಂಕ ಮೀರುವಂತಿಲ್ಲ. ಯುಗಾದಿಯ ದಿನ ಮೂರನೇ ಒಬ್ಬಟ್ಟಿಗೆ ಕೈ ಹೋದಾಗ ಅತ್ತೆ ಈ ನಿಯಮವನ್ನು ಅಕ್ಷರಶಃ ಉದ್ಧರಿಸಿದರು.

ಬೆಟ್ಟದ ನಡುವೆ ಒಂದು ನದಿಯಿದೆ. ನದಿಯವರೆಗಿನದನ್ನು ಲಿವಿಂಗ್‌ಸ್ಟನ್ ಬರೆದದ್ದು, ಆಚೆಯದನ್ನು ಜಾಕ್ಸನ್. ಆಚೆ ದಡದಲ್ಲಿ ಜಟಿಲವಾದ ಚಕ್ರವ್ಯೂಹವೊಂದಿದೆ. ಕೊನೆಯಲ್ಲಿ ನಿಧಿಪೆಟ್ಟಿಗೆಗೆ ಮೂರು ಬೀಗ. ದಾರಿಯಲ್ಲಿ ಸಿಕ್ಕ ಕೀಲಿಗಳ ಮೇಲಿನ ಸಂಖ್ಯೆಗಳನ್ನು ಕೂಡಿಸಿ, ಬಂದ ಮೊತ್ತದ ತುಣುಕಿಗೆ ಹೋಗಬೇಕು. ಇಡೀ ಪುಸ್ತಕದಲ್ಲಿ ಮಾವನವರು ಮೆಚ್ಚಿದ್ದು ಇದೊಂದನ್ನೇ. ಲೆಕ್ಕ ಟ್ಯಾಲಿಯಾಗದೆ ಹಣ ಕೈಗೆ ಬರುವುದಿಲ್ಲ. ಆದರೆ ಅವರು ಅಲ್ಲಿಗೆ ತಲುಪಲಿಲ್ಲ. ದೋಣಿಯವನ ಹತ್ತಿರವೇ ಎಲ್ಲ ಮುಗಿಯಿತು.

ದಡದಲ್ಲಿ ಫಲಕ ಇದೆ: ದೋಣಿಗೆ 2 ಚಿನ್ನದ ನಾಣ್ಯ, ಗಂಟೆ ಬಾರಿಸಿ. ಮಾವ ಬಾರಿಸಿದರು. ಮುದುಕನೊಬ್ಬ ದೋಣಿ ತಂದ, 3 ನಾಣ್ಯ ಕೇಳಿದ. ಯಾಕೆಂದರೆ ಹಣದುಬ್ಬರ ಎಂದು ಗೊಣಗಿದ. ಇದು ನನ್ನ ಕಲ್ಪನೆಯಲ್ಲ, ಪುಸ್ತಕದಲ್ಲೇ ಹಾಗಿದೆ. ಮಾವನವರ ಕಿವಿ ಕೆಂಪಾಯಿತು. ‘ಬೋರ್ಡಲ್ಲಿ ಎರಡು ಅಂತ ಬರೆದು ಮೂರು ಹೇಗೆ ಕೇಳ್ತಾನೆ?’

‘ಒಂದು ನಾಣ್ಯ ಬಿಸಾಕಿ ದಾಟ್ರೀ’ ಎಂದು ಅತ್ತೆಯವರೇ ಬೇಡಿಕೊಂಡರು.

ಇರುವುದು ಎರಡೇ ಆಯ್ಕೆ: ಮೂರು ಕೊಡಿ ಅಥವಾ ಬೆದರಿಸಿ. ಲಿಖಿತ ದೂರು ಸಲ್ಲಿಸಲು ಅವಕಾಶವಿಲ್ಲ. ಮಾವನವರು ಪುಟದ ಹಿಂದೆ ಮುಂದೆ ನೋಡಿದರು. ಬೆದರಿಸಿದರು. ಮುದುಕ ಮೈ ಕೊಡವಿ ಇಲಿಮನುಷ್ಯನಾದ. ಅವನ ಸ್ಕಿಲ್ಲೂ ಎಂಟು. ಅತ್ತೆಯವರು ಕಾಯಿ ಸುಲಿಯುವುದನ್ನು ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡು ದಾಳ ತೆಗೆದುಕೊಂಡರು. ಅವರ ಕೈಯಲ್ಲಿ ಹತ್ತು, ಹನ್ನೊಂದು, ಮತ್ತೆ ಹತ್ತು. ಮೊದಲೇ ಗಾಯಗೊಂಡಿದ್ದ ನಾಯಕನನ್ನು ನದಿದಡದಲ್ಲೇ ಮಣ್ಣು ಮಾಡಿದೆವು.

ಅದೇ ವಾರ ಗಾಂಧಿಬಜಾರಿನಿಂದ ಬರುವಾಗ ಆಟೋದವನು ಮೀಟರ್ ಮೇಲೆ ಮೂವತ್ತು ಹೆಚ್ಚು ಕೇಳಿದ. ಎಲ್ಲದಕ್ಕೂ ರೇಟು ಏರಿದೆಯೆಂದ. ಮಾವನವರು ಬಗ್ಗಿ ಅವನ ಮೀಸೆಯನ್ನು ಬಹಳ ಹೊತ್ತು ಪರಿಶೀಲಿಸಿದರು. ಚಕಾರವೆತ್ತದೆ ಹಣ ಕೊಟ್ಟರು. ಆಮೇಲೆ ರಸೀದಿ ಕೇಳಿದರು.