ಪಕ್ಕದ ಮನೆ ಕುಕ್ಕರು, ನಮ್ಮನೆ ಮೊಜಾರ್ಟು

ದಾವಣಗೆರೆಯಲ್ಲಿ ಬೆಣ್ಣೆದೋಸೆ ಸಿಗುತ್ತದೆ, ನರ್ಗಿಸ್ ಮಂಡಕ್ಕಿ ಸಿಗುತ್ತದೆ, ಸಂಜೆ ಯಾವ ಸರ್ಕಲ್ಲಿಗೆ ಹೋದರೂ ಬಿಸಿ ಮಿರ್ಚಿ ಸಿಗುತ್ತದೆ. ಸದ್ದಿಲ್ಲದ 9 ನಿಮಿಷ ಮಾತ್ರ ಕೇಳಬೇಡಿ. ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕೊಟ್ಟು ನೋಡಿದ್ದೇನೆ.

ಮಗಳು ಒಂಬತ್ತನೇ ಕ್ಲಾಸು. ವಯೊಲಿನ್ ಶುರು ಮಾಡಿದ್ದು ಚಾಪೆ ಮೇಲೆ ಕೂತು, ಇದೇ ಊರಿನ ಮೇಷ್ಟ್ರ ಹತ್ತಿರ, ಸರಳೆ ವರಸೆಯಿಂದ. ಆಮೇಲೆ ಅದೇನು ಮನಸ್ಸಿಗೆ ಬಂತೋ, ಒಂದು ದಿನ ಎದ್ದು ನಿಂತು, ವಯೊಲಿನ್ನನ್ನು ಗದ್ದಕ್ಕೆ ಸಿಕ್ಕಿಸಿಕೊಂಡು, ವೆಸ್ಟರ್ನ್ ಕಲೀತೀನಿ ಅಂದಳು. ಈಗ ಬೆಂಗಳೂರಿನ ಮೇಡಂ ಒಬ್ಬರು ಫೋನಿನೊಳಗಿಂದಲೇ ಪಾಠ ಹೇಳುತ್ತಾರೆ. ಅವರದು ಒಂದೇ ದೂರು. "ಜಾರಬೇಡಮ್ಮಾ, ಸ್ವರದ ಮೇಲೆ ನೇರ ಬೆರಳಿಡು." ಚಿಕ್ಕಂದಿನಿಂದ ಗಮಕ ಹಾಕಿ ರೂಢಿಯಾದ ಬೆರಳು, ಹೇಳಿದ ಕೂಡಲೇ ಕೇಳುತ್ತಾ? ಇವಳ ಜಿ ಮೇಜರ್ ಕಿವಿಗೆ ಬಿದ್ದರೆ ನಮ್ಮ ಅವ್ವ ಒಳಗಿಂದಲೇ "ಶಂಕರಾಭರಣ ಚೆನ್ನಾಗ್ ಬರ್ತಿದೆ ನೋಡು" ಅನ್ನುತ್ತಾಳೆ. ಅವ್ವ ಹೇಳುವುದರಲ್ಲಿ ತಪ್ಪೇನಿಲ್ಲ. ಅವರ ಮೇಜರ್ ಸ್ಕೇಲಿನಲ್ಲಿರುವುದೂ ನಮ್ಮ ಶಂಕರಾಭರಣದಲ್ಲಿರುವುದೂ ಅವೇ ಏಳು ಸ್ವರ. ಆದರೆ ಮೇಡಂ ಮುಂದೆ ಇದನ್ನು ಹೇಳುವ ಧೈರ್ಯ ನಮ್ಮನೆಯಲ್ಲಿ ಯಾರಿಗೂ ಇಲ್ಲ.

ಹೈಸ್ಕೂಲ್ ಮಕ್ಕಳಿಗೆ ಕನ್ಚೆರ್ಟೊ ಸ್ಪರ್ಧೆ ಇದೆ ಅಂತ ತಿಳಿಸಿದ್ದೂ ಆ ಮೇಡಮ್ಮೇ. ಕನ್ಚೆರ್ಟೊದಲ್ಲಿ ಒಬ್ಬರು ಮುಂದೆ ನಿಂತು ನುಡಿಸುತ್ತಾರೆ, ಹಿಂದೆ ಇಡೀ ಆರ್ಕೆಸ್ಟ್ರಾ ಇರುತ್ತದೆ. ಸಾಮಾನ್ಯವಾಗಿ ಮೂರು ಭಾಗ. ಮೊದಲನೆಯದು ಚುರುಕು, ನಡುವಿನದು ನಿಧಾನ, ಕೊನೆಯದು ಮತ್ತೆ ಚುರುಕು. ಸ್ಪರ್ಧೆಯಲ್ಲಿ ಗೆದ್ದವರಿಗೆ ಬೆಂಗಳೂರಿನಲ್ಲಿ ನಿಜವಾದ ಆರ್ಕೆಸ್ಟ್ರಾ ಜೊತೆ ನುಡಿಸುವ ಅವಕಾಶ. ಅದಕ್ಕೆ ಮೊದಲು ಫೈನಲ್ಲಿನಲ್ಲಿ ಪಿಯಾನೋ ಜೊತೆ ನುಡಿಸಬೇಕು. ಅದಕ್ಕೂ ಮೊದಲು ಮನೆಯಿಂದ ವಿಡಿಯೋ ಕಳಿಸಬೇಕು. ಒಂದೇ ಸಲಕ್ಕೆ ಪೂರ್ತಿ ನುಡಿಸಬೇಕು, ಎಲ್ಲೂ ಕತ್ತರಿ ಹಾಕುವಂತಿಲ್ಲ. ಮುಖ, ಎರಡೂ ಕೈ ಕಾಣಬೇಕು. ಹಿಂದೆ ಬೇರೆ ಯಾವ ಸದ್ದೂ ಇರಬಾರದು. ಈ ಕೊನೆಯ ನಿಯಮ ಬರೆದ ಪುಣ್ಯಾತ್ಮರು ನಮ್ಮ ಕೆ.ಟಿ.ಜೆ. ನಗರದ ಕಡೆ ಬಂದವರಲ್ಲ.

ಆರಿಸಿಕೊಂಡಿದ್ದು ಮೊಜಾರ್ಟ್‌ನ ಮೂರನೇ ವಯೊಲಿನ್ ಕನ್ಚೆರ್ಟೊದ ಮೊದಲ ಭಾಗ. ಸುಮಾರು 9 ನಿಮಿಷ. 1775ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಇದನ್ನು ಬರೆದಾಗ ಆತನಿಗೆ 19 ವರ್ಷ. ನಮ್ಮ ಬೀದಿಯ 19ರ ಹುಡುಗರು ಬೈಕಿನ ಸೈಲೆನ್ಸರ್ ಬದಲಾಯಿಸಿಕೊಂಡು ಓಡಾಡುತ್ತಿದ್ದಾರೆ. ಅವರ ಸಾಧನೆಯೂ ನಮ್ಮ ವಿಡಿಯೋಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಪಿಯಾನೋ ಎಲ್ಲಿಂದ ತರೋಣ? ಮೇಡಮ್ಮೇ ನುಡಿಸಿ ಟ್ರ್ಯಾಕ್ ಕಳಿಸಿದರು. ಹೆಂಡತಿಯ ಫೋನಿನಿಂದ ಬ್ಲೂಟೂತ್ ಸ್ಪೀಕರಿಗೆ ಟ್ರ್ಯಾಕ್ ಹಾಕುವುದು, ನನ್ನ ಫೋನಿನಲ್ಲಿ ವಿಡಿಯೋ ತೆಗೆಯುವುದು ಅಂತ ತೀರ್ಮಾನವಾಯಿತು. ಸ್ಟ್ಯಾಂಡ್ ಇರಲಿಲ್ಲ. ಫೋನನ್ನು ಶೋಕೇಸಿನಲ್ಲಿ ಎರಡು ಸ್ಟೀಲ್ ಡಬ್ಬಿಗಳ ನಡುವೆ ಸಿಕ್ಕಿಸಿದೆವು.

ಈ ಕನ್ಚೆರ್ಟೊದ ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತು. ಶುರುವಿನಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಆರ್ಕೆಸ್ಟ್ರಾದ್ದೇ ದರ್ಬಾರು. ವಯೊಲಿನ್ ಹಿಡಿದವರು ತಮ್ಮ ಸರದಿಗೆ ಕಾಯುತ್ತಾ ನಿಂತಿರಬೇಕು. ಮಗಳು ನಿಂತಳು. ಸ್ಪೀಕರಿನಲ್ಲಿ ಪಿಯಾನೋ ಸಾಗುತ್ತಿತ್ತು. ಸೋಫಾದ ಮೇಲಿದ್ದ ಅವ್ವ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ತಡೆಯಲಾಗಲಿಲ್ಲ. "ಯಾಕವ್ವಾ ಸುಮ್ನೆ ನಿಂತ್ಬಿಟ್ಟೆ? ಮರ್ತೋಯ್ತಾ? ನೆನಪಿದ್ದಷ್ಟು ನುಡಿಸಿಬಿಡು, ಯಾರೂ ಏನೂ ಅನ್ಕಳಲ್ಲ." ಮೊದಲನೇ ಟೇಕ್ ಅಲ್ಲಿಗೆ ಮುಗಿಯಿತು. ಮುಂದಿನ ಟೇಕಿನಲ್ಲಿ ಅವ್ವ ಮಾತಾಡಲಿಲ್ಲ, ನನ್ನ ಕಡೆ ತಿರುಗಿ ಕೈಸನ್ನೆಯಲ್ಲಿ ಕೇಳಿದಳು. ಬಳೆ ಕೇಳಿಸಿತು.

ಮನೆಯೊಳಗಿನ ಸದ್ದು ಹೇಗೋ ಆಗುತ್ತೆ, ಬೀದಿಯದು? ಯಾವ ಹೊತ್ತು ತಣ್ಣಗಿರುತ್ತದೆ ಅಂತ ಸಮೀಕ್ಷೆ ಮಾಡಿದೆ. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡೇ ಬರುತ್ತದೆ. ಅದರ ಬೆನ್ನಿಗೆ ತರಕಾರಿ ಗಾಡಿಯ ಮೈಕು. ಅದು ಹೋಯಿತು ಅನ್ನುವಾಗ ಹಳೇ ಪೇಪರ್, ಹಳೇ ಕಬ್ಬಿಣ. ಸಂಜೆ ಹುಡುಗರ ಕ್ರಿಕೆಟ್. ರಾತ್ರಿ ಊರೆಲ್ಲ ಮಲಗಿದ ಮೇಲೆ ರೈಲು, ರೈಲು ಹೋದ ಮೇಲೆ ನಾಯಿ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ಚೌಡಯ್ಯನವರು ವಯೊಲಿನ್ನಿನ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದ್ದರು. ನಮ್ಮ ಬೀದಿಯಲ್ಲಾದರೆ ಏಳೂ ಸಾಲುತ್ತಿರಲಿಲ್ಲ.

ಉಳಿದದ್ದು ಮಧ್ಯಾಹ್ನ. ಏಪ್ರಿಲ್ ತಿಂಗಳ ದಾವಣಗೆರೆಯ ಮಧ್ಯಾಹ್ನ ಅಂದರೆ ನಿಮಗೆ ಗೊತ್ತಲ್ಲ, ಕಾಗೆ ಕೂಡ ಕೂಗುವುದಿಲ್ಲ. ಆದರೆ ಫ್ಯಾನ್ ಹಾಕುವಂತಿಲ್ಲ. ಒಂದು, ಗರಗರ ಸದ್ದು. ಎರಡು, ನೋಟ್ಸ್ ಹಾರುತ್ತವೆ. ಕಿಟಕಿಯನ್ನೂ ತೆಗೆಯುವಂತಿಲ್ಲ. ಆ ಒಣ ಸೆಕೆಗೆ ವಯೊಲಿನ್ನಿನ ಮರದ ಬಿರಡೆ ಕುಗ್ಗಿ ಸಡಿಲವಾಗುತ್ತದೆ, ತಂತಿ ಇದ್ದಕ್ಕಿದ್ದಂತೆ ಟರ್ ಅಂತ ಇಳಿದುಬಿಡುತ್ತದೆ. ಮಗಳು ಬಿರಡೆಗೆ ಸೀಮೆಸುಣ್ಣ ಉಜ್ಜಿ ಬಿಗಿ ಮಾಡುವುದು, ಹೆಂಡತಿ ಮಗಳ ಹಣೆ ಒರೆಸುವುದು, ನಾನು ರೆಕಾರ್ಡ್ ಬಟನ್ ಒತ್ತುವುದು. ಹೀಗೆ ನಡೆದಿತ್ತು ಸಂಗೀತ ಸೇವೆ.

ಒಂದು ಮಧ್ಯಾಹ್ನ ಎಲ್ಲ ಕೂಡಿ ಬಂತು. ಬಿರಡೆ ನಿಂತಿತು. ಬೀದಿ ಮಲಗಿತ್ತು. ಅವ್ವನೂ ಮಲಗಿದ್ದಳು. ಪಿಯಾನೋ ಮುಗಿದು ಮಗಳು ಚೆನ್ನಾಗಿ ಶುರು ಮಾಡಿದಳು. ಅರ್ಧ ದಾಟಿತ್ತು, ಪಿಯಾನೋ ಪಟ್ ಅಂತ ನಿಂತು, ಸ್ಪೀಕರಿನಿಂದ ನನ್ನ ನಾದಿನಿಯ ದನಿ ಗಟ್ಟಿಯಾಗಿ ಕೇಳಿಸಿತು. "ಅಕ್ಕಾ, ಏನ್ ಸಾರು ಮಾಡಿದ್ಯೇ?" ಫೋನ್ ತಾನಾಗಿ ಎತ್ತಿಕೊಳ್ಳುವ ಹಾಗೆ ಯಾರು ಸೆಟ್ಟಿಂಗ್ ಮಾಡಿದ್ದರೋ, ಮನೆಯಲ್ಲಿ ಈವರೆಗೂ ಯಾರೂ ಒಪ್ಪಿಕೊಂಡಿಲ್ಲ. ಹೆಂಡತಿ ಆ ಗಡಿಬಿಡಿಯಲ್ಲೂ "ಬೇಳೆ ಸಾರು" ಅಂತ ಉತ್ತರ ಕೊಟ್ಟಳು. ಕೇಳಿದವರಿಗೆ ಹೇಳಬೇಕಲ್ವಾ.

ಇನ್ನೊಂದು ದಿನ ಗೇಟು ಕಿರ್ ಅಂದಿತು. ಎದುರು ಮನೆಯ ರಿಟೈರ್ಡ್ ಹಿಸ್ಟರಿ ಮೇಷ್ಟ್ರು. ಪಿಟೀಲು ಕೇಳಿ ಬಂದಿದ್ದರು. ನಾನು ತುಟಿ ಮೇಲೆ ಬೆರಳಿಟ್ಟರೂ ಅವರ ಕಣ್ಣು ನನ್ನ ಮೇಲಿರಲಿಲ್ಲ. "ಕನ್ಚೆರ್ಟೊ ಏನ್ರೀ ಇದು? ಗೊತ್ತೇನ್ರಿ, ನಮ್ಮ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲನೇ ಅಧ್ಯಕ್ಷರು! ರಷ್ಯಾದವನು ಒಬ್ಬ, ಮೆಡ್ಟ್ನರ್ ಅಂತ. ಅವನ ಸಂಗೀತ ರೆಕಾರ್ಡ್ ಮಾಡ್ಸೋಕೆ ದುಡ್ಡು ಕೊಟ್ಟಿದ್ದು ನಮ್ಮ ಮಹಾರಾಜರು. ಅವನು ತನ್ನ ಮೂರನೇ ಪಿಯಾನೋ ಕನ್ಚೆರ್ಟೊನ ಇವರಿಗೇ ಅರ್ಪಿಸಿದ. ಮೈಸೂರಿನ ದೊರೆಗೆ!" ಮೇಷ್ಟ್ರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ವಿಡಿಯೋದಲ್ಲಿ ಒಂದಕ್ಷರ ಬಿಡದೆ ದಾಖಲಾಗಿದೆ. ಹಿಂದೆ ಸಣ್ಣಗೆ ಮೊಜಾರ್ಟ್. ದೂರದರ್ಶನಕ್ಕೆ ಕಳಿಸಬಹುದಿತ್ತು.

ಆದರೆ ಎಲ್ಲರನ್ನೂ ಮೀರಿಸಿದವರು ಪಕ್ಕದ ಮನೆ ಆಂಟಿ. ಭಾಗ ಮುಗಿಯುವ ಹೊತ್ತಿಗೆ ಕೆಡೆಂಜಾ ಅಂತ ಒಂದು ಬರುತ್ತದೆ. ಆರ್ಕೆಸ್ಟ್ರಾ ಪೂರ್ತಿ ನಿಂತುಬಿಡುತ್ತದೆ, ಮುಂದೆ ನಿಂತವರೊಬ್ಬರೇ ತಮ್ಮ ಕೈಚಳಕ ತೋರಿಸುತ್ತಾರೆ. ನಮ್ಮ ಕಚೇರಿಯಲ್ಲಿ ಮೃದಂಗದವರಿಗೆ ತನಿ ಬಿಟ್ಟುಕೊಟ್ಟ ಹಾಗೆ. ಮೊಜಾರ್ಟ್ ಇದಕ್ಕೆ ಕೆಡೆಂಜಾ ಬರೆದಿಟ್ಟು ಹೋಗಿಲ್ಲ, ಆಮೇಲಿನವರು ಬರೆದಿದ್ದಾರೆ. ಕೊನೆಯಲ್ಲಿ ಒಂದು ಉದ್ದನೆಯ ಟ್ರಿಲ್, ಅಂದರೆ ಎರಡು ಸ್ವರ ಪಟಪಟ ಅಂತ ನಡುಗುತ್ತಾ ನಿಲ್ಲುತ್ತದೆ. ಆರ್ಕೆಸ್ಟ್ರಾದವರಿಗೆ ಅದು ಸೂಚನೆ, ನೀವಿನ್ನು ಬನ್ನಿ ಅಂತ. ನಮ್ಮ ಮನೆಯಲ್ಲಿ ಆರ್ಕೆಸ್ಟ್ರಾ ಅಂದರೆ ನನ್ನ ತೋರುಬೆರಳು. ಟ್ರ್ಯಾಕನ್ನು ಎರಡು ತುಂಡು ಮಾಡಿಕೊಂಡಿದ್ದೆವು, ಟ್ರಿಲ್ ಮುಗಿಯುವ ಸಮಕ್ಕೆ ಎರಡನೇ ತುಂಡು ಒತ್ತಬೇಕು. ಉಸಿರು ಬಿಗಿ ಹಿಡಿದು ಬೆರಳು ಎತ್ತಿ ಕೂತಿದ್ದೆ. ಮಗಳ ಟ್ರಿಲ್ ಶುರುವಾಯಿತು, ಬೆಳೆಯಿತು, ಇನ್ನೇನು ಮುಗಿಯಬೇಕು. ಸುಯ್ಯ್ ಅಂತ ಬಂತು ಪಕ್ಕದ ಮನೆ ಕುಕ್ಕರ್ ಸೀಟಿ. ಅದೂ ಹೆಚ್ಚೂಕಡಿಮೆ ಅದೇ ಶ್ರುತಿಯಲ್ಲಿ. ನಗು ತಡೆಯಲಾರದೆ ಮಗಳ ಬೋ ತಂತಿ ಬಿಟ್ಟು ನೋಟ್ಸ್ ಸ್ಟ್ಯಾಂಡಿಗೆ ತಾಗಿತು. ನೋಟ್ಸಿಗೆ ಸಿಕ್ಕಿಸಿದ್ದ ಬಟ್ಟೆ ಕ್ಲಿಪ್ ಹಾರಿ ಅವ್ವನ ಕಾಫಿ ಲೋಟಕ್ಕೆ ಬಿತ್ತು.

ಸರಿ, ಮನೆಮನೆಗೆ ಹೋಗಿ ಕೇಳಿಕೊಳ್ಳೋಣ ಅಂತ ಹೊರಟೆ. ಆಂಟಿ ಬಹಳ ಪ್ರೀತಿಯಿಂದ ಒಪ್ಪಿದರು. "ಅಯ್ಯೋ, ಮಗು ಕಾಂಪಿಟೇಷನ್ ಅಂದ್ರೆ ಇಷ್ಟೂ ಮಾಡಲ್ವಾ? ಕುಕ್ಕರ್ ಇಡೋದೇ ಇಲ್ಲ ಬಿಡ್ರಿ." ಮಾತಿಗೆ ತಪ್ಪಲಿಲ್ಲ. ಮಾರನೇ ದಿನ ಅದೇ ಹೊತ್ತಿಗೆ ಮಿಕ್ಸಿ ಹಾಕಿದರು. ಕೇಳಿದ್ದಕ್ಕೆ, "ನೀವು ಕುಕ್ಕರ್ ಅಂತ ಮಾತ್ರ ಹೇಳಿದ್ರಲ್ಲಾ" ಅಂದರು. ಹಳೇ ಪೇಪರಿನವನಿಗೆ ಮನೆಯಲ್ಲಿದ್ದ ರದ್ದಿಯನ್ನೆಲ್ಲ ಪುಕ್ಕಟೆ ಕೊಟ್ಟು, ಸ್ವಲ್ಪ ದಿನ ಈ ಬೀದಿಯಲ್ಲಿ ಕೂಗಬೇಡಪ್ಪಾ ಅಂದೆ. ಪುಕ್ಕಟೆ ರದ್ದಿ ಕೊಡುವ ಮನೆ ಸಿಕ್ಕರೆ ಯಾರು ಬಿಡುತ್ತಾರೆ? ಮರುದಿನದಿಂದ ನಮ್ಮ ಗೇಟಿನ ಮುಂದೆಯೇ ಗಾಡಿ ನಿಲ್ಲಿಸಿ ಕೂಗತೊಡಗಿದ, ಜೊತೆಗೆ ತಮ್ಮನನ್ನೂ ಕರೆತಂದ. ಕ್ರಿಕೆಟ್ ಹುಡುಗರಿಗೆ ಬಾಲಿಗೆ ದುಡ್ಡು ಕೊಟ್ಟು ಬೇರೆ ಕಡೆ ಆಡಿ ಅಂದೆ. ಬಾಲ್ ತಂದರು, ಆಟ ಬಿಟ್ಟರು, ನಮ್ಮ ಕಿಟಕಿಗೆ ಬಂದು ನಿಂತರು. ಆ ವಿಡಿಯೋದಲ್ಲಿ ಮಗಳ ಭುಜದ ಹಿಂದೆ ಸಾಲಾಗಿ ತಲೆಗಳು ಕಾಣುತ್ತವೆ. ಒಬ್ಬನ ಬಾಯಲ್ಲಿ ಪೆಪ್ಸಿ ಐಸು.

ಚಿತ್ರದುರ್ಗದಲ್ಲಿರುವ ನನ್ನ ಭಾವ ಫೋನ್ ಮಾಡಿ, "ಕೋಟೆಗೆ ಕರ್ಕೊಂಬಾ ಮಾರಾಯಾ, ಏಳು ಸುತ್ತಿನ ಒಳಗೆ ಯಾವ ಸದ್ದು ಬರುತ್ತೆ?" ಅಂದರು. ಅಲ್ಲಿಯ ಮಂಗಗಳ ವಿಷಯ ಅವರು ಎತ್ತಲಿಲ್ಲ. ಬೋ ಹಿಡಿದ ಕೈ ಮಂಗಕ್ಕೆ ಕೋಲು ಹಿಡಿದ ಕೈಯಾಗಿಯೇ ಕಾಣುತ್ತದೆ. ಬೇಡ ಅಂದೆ.

ಕೊನೆಗೆ ದಾರಿ ತೋರಿಸಿದ್ದು ಪೇಪರಿನ ಒಂದು ಮೂಲೆ. ಕಾಮಗಾರಿಯ ಸಲುವಾಗಿ ನಮ್ಮ ಕಡೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ. ಜೀವನದಲ್ಲಿ ಮೊದಲ ಸಲ ಆ ಸುದ್ದಿ ಓದಿ ಖುಷಿಪಟ್ಟೆ. ಮಿಕ್ಸಿ ಇಲ್ಲ, ಗ್ರೈಂಡರ್ ಇಲ್ಲ, ನೀರಿನ ಮೋಟರ್ ಇಲ್ಲ, ಮಧ್ಯಾಹ್ನದ ಧಾರಾವಾಹಿ ಇಲ್ಲ. ಎರಡೂ ಫೋನು, ಸ್ಪೀಕರು ರಾತ್ರಿಯೇ ಚಾರ್ಜ್ ಆದವು. ಹೆಂಡತಿಯ ಫೋನು ಫ್ಲೈಟ್ ಮೋಡಿಗೆ ಹೋಯಿತು. ಸಾರಿನ ಸಮಾಚಾರ ನಾದಿನಿಗೆ ಬೆಳಿಗ್ಗೆಯೇ ಹೇಳಿಯಾಗಿತ್ತು.

ನಾನು ಎಣಿಸದೇ ಇದ್ದದ್ದು ಒಂದೇ. ಕರೆಂಟಿಲ್ಲದ ಮನೆಯಲ್ಲಿ ಯಾರು ಕೂರುತ್ತಾರೆ? ಬೀದಿಯವರೆಲ್ಲ ಬೀಸಣಿಕೆ, ಪೇಪರ್ ಹಿಡಿದುಕೊಂಡು ಹೊರಗೆ ಬಂದರು. ಬಂದವರು ಹೊಂಗೆ ಮರದ ನೆರಳು ಅಂತ ನಮ್ಮ ಕಟ್ಟೆಗೇ ಬಂದರು. ಆಂಟಿ ಒಳಗೇ ಬಂದು ನೆಲದ ಮೇಲೆ ಕೂತರು, ಪಕ್ಕದಲ್ಲಿ ಮೇಷ್ಟ್ರು. ನಾನು ಕೈ ಮುಗಿದು 9 ನಿಮಿಷ ಅಂದೆ. ಕೂತರು ನೋಡಿ, ಗಟ್ಟಿ ಜನ. ಶುರುವಿನ ಪಿಯಾನೋ ಸಾಗುವಾಗ ಕಟ್ಟೆಯಲ್ಲಿ ಯಾರೋ "ಮರ್ತೋಯ್ತಾ?" ಅಂತ ಪಿಸುಗುಟ್ಟಿದ್ದಕ್ಕೆ ಅವ್ವ ಕಣ್ಣು ಬಿಟ್ಟಳು, ಈ ವಿಷಯದಲ್ಲಿ ಅವಳಾಗಲೇ ಪಂಡಿತೆ. ಕೆಡೆಂಜಾ ಬಂತು. ಬೀಸಣಿಕೆಗಳು ನಿಂತವು. ಟ್ರಿಲ್ ಮುಗಿಯಿತು, ನಾನು ಒತ್ತಿದೆ, ಪಿಯಾನೋ ಬಂತು. ಕೊನೆ ಸ್ವರ ಆರುವ ಮೊದಲೇ ಚಪ್ಪಾಳೆಯೋ ಚಪ್ಪಾಳೆ, ಒಂದೆರಡು ಸಿಳ್ಳೆ ಬೇರೆ. ಅದನ್ನೇ ಕಳಿಸಿದೆವು.

ಮಗಳು ಫೈನಲ್ಲಿಗೆ ಆಯ್ಕೆಯಾಗಲಿಲ್ಲ. ತೀರ್ಪುಗಾರರ ಟಿಪ್ಪಣಿ ಬಂತು. ತಾಳ ಗಟ್ಟಿಯಿದೆ, ಬೋ ಇನ್ನೂ ಉದ್ದ ಎಳೆಯಬೇಕು, ಸ್ವರದಿಂದ ಸ್ವರಕ್ಕೆ ಅಲ್ಲಲ್ಲಿ ಜಾರುತ್ತಿದ್ದಾಳೆ. ಕೊನೆಗೆ ಒಂದು ಸಾಲು, ಈ ವಯಸ್ಸಿಗೇ ತುಂಬಿದ ಸಭೆಯ ಎದುರು ನುಡಿಸಿದ್ದು ಮೆಚ್ಚಬೇಕಾದ್ದು ಅಂತ. ಮಗಳಿಗೆ ಅಷ್ಟು ಸಾಕಾಗಿತ್ತು. ಅವ್ವನ ಸಿಟ್ಟು ಮಾತ್ರ ಇಳಿದಿಲ್ಲ. "ಜಾರದಿದ್ರೆ ಅದೆಂಥಾ ಶಂಕರಾಭರಣ?" ಬೀದಿಯವರದ್ದು ಇನ್ನೊಂದು ತಕರಾರು. ಆಂಟಿ ಗೇಟಿನ ಹತ್ತಿರವೇ ಹಿಡಿದರು. "ಅಲ್ರೀ, ಆ ಸೆಕೇಲಿ ಒಂದು ಕೆಮ್ಮೂ ಕೆಮ್ಮದಂಗೆ ಕೂತಿದ್ವಿ. ನಮಗಾದ್ರೂ ಒಂದು ಪ್ರೈಜ್ ಕೊಡಬಾರ್ದಿತ್ತಾ?"

ಮಗಳು ಮುಂದಿನ ಸಲಕ್ಕೆ ಮೆಂಡೆಲ್ಸನ್ ಅನ್ನುತ್ತಿದ್ದಾಳೆ. 1845ರಲ್ಲಿ ಮೊದಲ ಸಲ ನುಡಿಸಿದ ಕನ್ಚೆರ್ಟೊ. ಅದರಲ್ಲಿ ವಯೊಲಿನ್ ಕಾಯುವುದೇ ಇಲ್ಲ, ಆರ್ಕೆಸ್ಟ್ರಾ ಶುರುವಾದ ಒಂದೆರಡು ಕ್ಷಣಕ್ಕೇ ಶುರು ಹಚ್ಚಿಕೊಳ್ಳುತ್ತದೆ. ಅವ್ವನ ಕಡೆಯಿಂದ ತೊಂದರೆಯಿಲ್ಲ. ಕೆಡೆಂಜಾ ಕೊನೆಯಲ್ಲಿ ಬರದೆ ನಡುವೆಯೇ ಬರುತ್ತದೆ. ಆದರೆ ಮೊದಲ ಭಾಗವೇ ಸುಮಾರು 13 ನಿಮಿಷ. ಬೀದಿಯವರಿಗೆ ಇದನ್ನು ಹೇಗೆ ಹೇಳೋದೇ ಅಂತ ಹೆಂಡತಿಯನ್ನು ಕೇಳಿದೆ.

"13 ಅಂತ ಬಾಯೇ ಬಿಡಬೇಡ್ರಿ" ಅಂದಳು. "9 ಅಂತಲೇ ಹೇಳಿ. ಕೂತ ಮೇಲೆ ಯಾರು ಗಡಿಯಾರ ನೋಡ್ತಾರೆ?"