ಕಿಟಕಿ ಕಡೆ ಸರಿಯೋಕೆ ಏನ್ರೀ ಕಷ್ಟ?

ಬಸ್ಸಲ್ಲಿ ಇಬ್ಬರ ಸೀಟು. ಕಿಟಕಿ ಪಕ್ಕ ಖಾಲಿ, ಈಚೆ ತುದಿಯಲ್ಲಿ ಒಬ್ಬರು ಗಟ್ಟಿಯಾಗಿ ಕೂತಿರ್ತಾರೆ. "ಸ್ವಲ್ಪ ಸರೀರಿ" ಅಂದ್ರೆ ಒಳಗೆ ಸರಿಯಲ್ಲ, ಎದ್ದು ದಾರಿನೂ ಬಿಡಲ್ಲ. ಮಂಡಿ ಎರಡನ್ನೂ ಓರೆ ಮಾಡಿ "ಹೋಗಿ ಒಳಗೆ" ಅಂತಾರೆ. ಎಲ್ಲಿಂದ ಹೋಗೋದು? ಮುಂದಿನ ಸೀಟಿಗೂ ಮಂಡಿಗೂ ನಡುವೆ ಒಂದು ಗೇಣೂ ಇರಲ್ಲ. ಹೆಗಲಲ್ಲಿ ಬ್ಯಾಗು, ಒಂದು ಕೈಯಲ್ಲಿ ಕಂಬಿ, ಬಸ್ಸು ಆಗಲೇ ಹೊರಟಿರುತ್ತೆ. ಡ್ರೈವರ್ ಬ್ರೇಕ್ ಹಾಕಿದರೆ ಒಳಗೆ ಹೋಗ್ತಿರೋರು ನೇರ ಇವರ ತೊಡೆ ಮೇಲೆ. ಆಮೇಲೆ ಮುಖ ಗಂಟು ಹಾಕೋದೂ ಇವರೇ.

ನಿಮ್ಮ ಸ್ಟಾಪ್ ದೂರ ಇದ್ರೆ ಕಿಟಕಿಗೆ ಸರೀರಿ. ಹತ್ತಿರ ಇದ್ರೆ ಎದ್ದು ಈಚೆ ನಿಂತು, ಬಂದವರನ್ನ ಒಳಗೆ ಬಿಟ್ಟು ಕೂತ್ಕೊಳ್ಳಿ. ಇಳಿಯುವಾಗಲೂ ಹಾಗೇ. ಒಳಗಿರೋರು ಒಂದು ಸ್ಟಾಪ್ ಮುಂಚೆ ಹೇಳಬೇಕು, ಈಚೆಯವರು ಆಗಲೇ ಏಳಬೇಕು. ಬಸ್ಸು ನಿಂತ ಮೇಲೆ ಏಳ್ತೀನಿ ಅಂದ್ರೆ ಅಷ್ಟರಲ್ಲಿ ಕಂಡಕ್ಟರ್ "ರೈಟ್ ರೈಟ್" ಅಂದಿರ್ತಾರೆ. ಮಾರ್ಕೆಟ್ಟಲ್ಲಿ ಇಳಿಯಬೇಕಾದ ವಯಸ್ಸಾದವರು ಮುಂದಿನ ಸ್ಟಾಪಿಂದ ವಾಪಸ್ ನಡೀಬೇಕು.

ಬೆನ್ನಿನ ಬ್ಯಾಗ್ ತೆಗೆಯದೆ ಕೂರೋರದ್ದು ಇನ್ನೊಂದು ಕಾಟ. ಲ್ಯಾಪ್‌ಟಾಪು, ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲಾ ಬೆನ್ನಿಗೇ ಇರುತ್ತೆ, ಹಾಗಾಗಿ ಇವರು ಸೀಟಿನ ತುದಿಗೆ ಬರ್ತಾರೆ. ಮಂಡಿ ಓಡಾಡೋ ದಾರಿಗೆ ಚಾಚುತ್ತೆ, ಮೊಣಕೈ ಪಕ್ಕದವರ ಪಕ್ಕೆಗೆ ತಿವಿಯುತ್ತೆ. ಕೂರೋಕೆ ಮುಂಚೆ ಬ್ಯಾಗ್ ಬಿಚ್ಚಿ ತೊಡೆ ಮೇಲೆ ನಿಲ್ಲಿಸಿಕೊಳ್ಳಿ. ಮೆಟ್ರೋದಲ್ಲಿ ನಿಂತಿದ್ರೆ ಎದೆಗೆ ಹಾಕ್ಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಎರಡೂ ಮಾರ್ಗದ ಜನ ನುಗ್ಗುವಾಗ ನೀವು ತಿರುಗಿದರೆ ಆ ಬ್ಯಾಗ್ ಬಡಿಯೋದು ಕೂತವರ ಮುಖಕ್ಕೆ.

ಜಾರಿಸೋ ಗಾಜಿನ ವಿಷಯವೂ ಹೇಳಲೇಬೇಕು. ನೀವು ಗಾಳಿಗೆ ಅಂತ ಗಾಜನ್ನ ಹಿಂದಕ್ಕೆ ತಳ್ಳಿದ್ರೆ ಅದು ಹಿಂದಿನವರ ಕಿಟಕಿ ಮುಚ್ಚುತ್ತೆ. ಮಳೆಯಲ್ಲಿ ತೆರೆದಿಟ್ಟರೆ ಎರಚಲು ಹೊಡೆಯೋದು ಹೆಚ್ಚಾಗಿ ಅವರಿಗೇ. ಒಂದು ಮಾತು ಕೇಳಿ ತಳ್ಳಿ.

ಸ್ಪೀಕರ್‌ನಲ್ಲಿ ರೀಲ್ಸ್ ಹಾಕೋರಿಗೆ: ಕೆಎಸ್‌ಆರ್‌ಟಿಸಿ ಬಸ್ಸಲ್ಲಿ 2021ರಲ್ಲೇ ಅದನ್ನ ನಿಷೇಧಿಸಿದ್ದಾರೆ. ಇಯರ್‌ಫೋನ್ ಹಾಕ್ಕೊಳ್ಳಿ, ಇಲ್ಲ ಆಫ್ ಮಾಡಿ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಕಾಲು ಅಗಲಿಸಿ ಕೂರೋ ಗಂಡಸರನ್ನ ನೋಡಿದ್ರೆ. ಸೀಟಿನ ನಡುಗೆರೆ ದಾಟಿ ಮಂಡಿ ಬಂದಿರುತ್ತೆ, ಪಕ್ಕದ ಹೆಣ್ಣುಮಗಳು ಕಿಟಕಿಯ ಸರಳಿಗೆ ಒತ್ತಿಕೊಂಡು ಮೈ ಮುದುಡಿ ಕೂತಿರ್ತಾಳೆ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗೋ 335ಇ ಬಸ್ಸಲ್ಲಿ, ಮಾರತ್ತಹಳ್ಳಿ ಜಾಮ್‌ನಲ್ಲಿ ಹಾಗೆ ಕೂತಿರೋದು ಅಂದ್ರೆ ಶಿಕ್ಷೆ. ಪಾದ ಎರಡೂ ನಿಮ್ಮ ಸೀಟಿನ ಮುಂದೆಯೇ ಇರಲಿ, ಮಂಡಿ ಪಾದದ ನೇರಕ್ಕಿರಲಿ. ಕಾಲು ಉದ್ದ ಇದ್ರೆ ದಾರಿ ಕಡೆ ಕೂತು ಓರೆಯಾಗಿ ಚಾಚಿ, ಕಂಡಕ್ಟರ್ ಬಂದಾಗ ಎಳ್ಕೊಳ್ಳಿ. ಬೇರೆ ಸೀಟು ಪೂರ್ತಿ ಖಾಲಿ ಇರುವಾಗ ಒಂಟಿ ಹೆಂಗಸಿನ ಪಕ್ಕ ಬಂದು ಕೂರಬೇಡಿ. ಅವಳು "ಕಾಲು ತೆಗೀರಿ" ಅಂದಾಗ "ಅಷ್ಟು ಇದ್ರೆ ಆಟೋದಲ್ಲಿ ಹೋಗಮ್ಮ" ಅನ್ನೋ ಮಾತು ಬೇಡ. ಕಾಲು ತೆಗೀರಿ.